ಹಿಂದಿನ ಗೇಟು

"ಆ ಕಡೆಯಿಂದ ಬೇಡ, ಈ ಕಡೆ ಬಾ," ಎಂದು ಮೇಷ್ಟ್ರು ಮಗಳ ಮೊಣಕೈ ಹಿಡಿದರು.

ಬಸ್ಸು ಇಳಿದ ಜಾಗದಿಂದ ನೇರ ನೋಡಿದರೆ ವಿಶ್ವವಿದ್ಯಾಲಯದ ದೊಡ್ಡ ಗೇಟು. ಅದರ ಹಿಂದೆ ಅಗಲವಾದ ಮೆಟ್ಟಿಲು, ಮೆಟ್ಟಿಲ ಮೇಲೆ ಬಿಳಿ ಕಂಬಗಳು, ಎರಡೂ ಬದಿಗೆ ಯಾರೋ ಪುಣ್ಯಾತ್ಮರು ಯಾವ ಕಾಲದಲ್ಲೋ ನೆಟ್ಟ ಮರಗಳ ಸಾಲು. ಆ ನೋಟ ಮಗಳ ಕಣ್ಣಿಗೆ ಪೂರ್ತಿ ಬೀಳುವ ಮೊದಲೇ ಮೇಷ್ಟ್ರು ಅವಳನ್ನು ಎಡಕ್ಕೆ ತಿರುಗಿಸಿ, ಕಾಂಪೌಂಡು ಗೋಡೆಯ ಗುಂಟ ನಡೆಸಿಕೊಂಡು ಹೊರಟರು.

"ಗೇಟು ಅಲ್ಲೇ ಇದೆಯಲ್ಲಪ್ಪ?"

"ಅದು ಬಂದುಹೋಗೋ ದೊಡ್ಡ ಮನುಷ್ಯರಿಗೆ. ಓದೋರೆಲ್ಲ ಹಿಂದಿನ ಗೇಟಿಂದಾನೇ ಬರೋದು. ಒಂದು ಕಾಲೇಜಿನ ನಿಜವಾದ ಬಣ್ಣ ಗೊತ್ತಾಗ್ಬೇಕು ಅಂದ್ರೆ ಹಿಂದಿನಿಂದ ನೋಡ್ಬೇಕು."

ಮಾತೇನೋ ಘನವಾಗಿತ್ತು. ಹಿಂದಿನ ಗೇಟಿನ ಪಕ್ಕದಲ್ಲಿ ಬಾಯಿ ತೆರೆದುಕೊಂಡ ಕಸದ ತೊಟ್ಟಿಗಳಿದ್ದವು. ಆಮೇಲೆ ತುಕ್ಕು ಹಿಡಿದ ನೀರಿನ ಟ್ಯಾಂಕು, ಅದರ ಕೆಳಗೆ ಪಾಚಿ, ಪಾಚಿಯ ಪಕ್ಕದಲ್ಲಿ ಕಾಲು ಮುರಿದ ಬೆಂಚುಗಳ ಒಂದು ದೊಡ್ಡ ರಾಶಿ. ಆ ರಾಶಿಯ ಮುಂದೆ ಮೇಷ್ಟ್ರು ಬಗ್ಗಿ ಶೂ ಲೇಸು ಕಟ್ಟಿಕೊಂಡರು. ಸರಿಯಾಗಿಯೇ ಇದ್ದ ಲೇಸನ್ನು ಬಿಚ್ಚಿ, ನಿಧಾನವಾಗಿ ಮತ್ತೆ ಕಟ್ಟಿಕೊಂಡರು ಅನ್ನಬೇಕು.

"ಎಷ್ಟು ಬೆಂಚು ನೋಡು," ಎಂದರು ಬಗ್ಗಿದಲ್ಲಿಂದಲೇ. "ನಮ್ಮಲ್ಲಾದ್ರೆ ರಿಪೇರಿ ಮಾಡಿಸಿ ಬಳಸ್ತೀವಿ."

ಮಗಳು ಬೆಂಚುಗಳನ್ನು ನೋಡಿದಳು.

'ನಮ್ಮಲ್ಲಿ' ಎಂದರೆ ಸೇತುವೆಯಾಚೆಯ ಸರ್ಕಾರಿ ಕಾಲೇಜು. ಮೇಷ್ಟ್ರು ಅಲ್ಲಿ ಭೌತಶಾಸ್ತ್ರ ಹೇಳುತ್ತಾರೆ. ಬಸ್ ಡಿಪೋದ ಬೆನ್ನಿಗೆ ಅಂಟಿಕೊಂಡ ಕಟ್ಟಡ; ಡ್ರೈವರುಗಳು ಬೆಳಿಗ್ಗೆ ಎಂಜಿನ್ನು ಬಿಸಿ ಮಾಡುವ ಹೊತ್ತಿಗೆ ಕ್ಲಾಸಿನ ಕಿಟಕಿ ಗಾಜುಗಳೆಲ್ಲ ಗದಗುಟ್ಟುತ್ತವೆ. ಇತ್ತ ಈ ವಿಶ್ವವಿದ್ಯಾಲಯದಲ್ಲಿ ಅದೇ ಭೌತಶಾಸ್ತ್ರವನ್ನು ಹೇಳುವವಳು ಮೇಷ್ಟ್ರ ಹೆಂಡತಿ. ಅವರು ಇರುವ ಕಟ್ಟಡದಲ್ಲಿ ಮೇಲಿನ ಮನೆಯವರಿಂದ ಹಿಡಿದು ಹಾಲು ತರುವವನವರೆಗೆ ಎಲ್ಲರಿಗೂ ಅವಳು 'ಪ್ರೊಫೆಸರ್ ಮೇಡಂ'. ಮೇಷ್ಟ್ರು 'ಪ್ರೊಫೆಸರ್ ಮೇಡಂ ಯಜಮಾನ್ರು'. ಒಮ್ಮೆ ಲಿಫ್ಟಿನಲ್ಲಿ ಹೊಸ ಬಾಡಿಗೆಯವನೊಬ್ಬ, "ತಾವು ಏನು ಮಾಡ್ಕೊಂಡಿದ್ದೀರಿ ಸಾರ್?" ಎಂದು ಕೇಳಿದಾಗ ಮೇಷ್ಟ್ರು ಒಂದು ಮಹಡಿ ಮೊದಲೇ ಇಳಿದುಬಿಟ್ಟಿದ್ದರು.

ಗಂಡ ಹೆಂಡತಿ ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಪರೀಕ್ಷೆಯಲ್ಲಿ ಮೇಷ್ಟ್ರದೇ ಮೇಲುಗೈ. ಮದುವೆಯಾದ ಹೊಸದರಲ್ಲಿ ವಿಶ್ವವಿದ್ಯಾಲಯದಲ್ಲಿ ಒಂದು ಹುದ್ದೆ ಖಾಲಿಯಾಯಿತು. ಇಬ್ಬರೂ ಅರ್ಜಿ ಹಾಕಿದರು, ಒಂದೇ ಬಸ್ಸಿನಲ್ಲಿ ಸಂದರ್ಶನಕ್ಕೆ ಹೋದರು. ಆಯ್ಕೆಯಾದದ್ದು ಅವಳು. "ನೀವು ಬೇಡ ಅಂದ್ರೆ ನಾನು ಹೋಗಲ್ಲ," ಎಂದಿದ್ದಳು ಅವಳು, ಮುಖ ಬಾಡಿಸಿಕೊಂಡು. "ಛೇ, ಎಂಥಾ ಮಾತು! ಮನೆಗೇ ಬಂತಲ್ಲ," ಎಂದು ಮೇಷ್ಟ್ರು ಅಕ್ಕಪಕ್ಕದವರಿಗೆಲ್ಲ ಸಿಹಿ ಹಂಚಿದ್ದರು. ಆ ಸಿಹಿ ಇಪ್ಪತ್ತು ವರ್ಷದಿಂದ ಅವರ ಗಂಟಲಲ್ಲೇ ನಿಂತಿತ್ತು.

ಅಂದಿನಿಂದ ಅವರಿಗೆ ಹೋಲಿಸುವ ಚಾಳಿ ಹತ್ತಿತು. "ನಿಮ್ಮಲ್ಲಿ ಹೇಗೋ ಏನೋ, ನಮ್ಮಲ್ಲಂತೂ..." ಎಂದೇ ಅವರ ಮಾತು ಶುರುವಾಗುತ್ತಿತ್ತು. ಚಹಾ, ಗ್ರಂಥಾಲಯದ ಬೆಳಕು, ಜವಾನರ ಮರ್ಯಾದೆ, ಕೊನೆಗೆ ಶೌಚಾಲಯದ ನಲ್ಲಿಯನ್ನೂ ಅವರು ಬಿಡಲಿಲ್ಲ. ನಗರದ ಪತ್ರಿಕೆಯೊಂದು ವರ್ಷಕ್ಕೊಮ್ಮೆ ಮಹಾನಗರದ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳನ್ನೆಲ್ಲ ತೂಗಿ ಯಾವುದು ಮುಂದೆ, ಯಾವುದು ಹಿಂದೆ ಎಂದು ಬರೆಯುತ್ತಿತ್ತು. ಆ ದಿನ ಮೇಷ್ಟ್ರು ಎಲ್ಲರಿಗಿಂತ ಮೊದಲೆದ್ದು ಪೇಪರು ಕೈವಶ ಮಾಡಿಕೊಳ್ಳುತ್ತಿದ್ದರು. ಸೇತುವೆಯಾಚೆ ಕಾಲೇಜಿನ ಹೆಸರು ಯಾವಾಗಲೂ ಪುಟದ ತಳದಲ್ಲಿ, ಮಡಿಕೆಯ ಕೆಳಗೆ. "ಒಬ್ಬ ಮೇಷ್ಟ್ರಿಗೆ ಎಷ್ಟು ವಿದ್ಯಾರ್ಥಿ ಅನ್ನೋ ಲೆಕ್ಕದಲ್ಲಿ ನಾವೇ ಮೇಲು," ಎನ್ನುತ್ತಿದ್ದರು. ಅದು ಸುಳ್ಳೇನಲ್ಲ. ವಿದ್ಯಾರ್ಥಿಗಳು ಬರುತ್ತಿದ್ದದ್ದೇ ಕಡಿಮೆ.

ಈಗ ಮಗಳ ಸರದಿ. ಅವಳಿಗೆ ಭೌತಶಾಸ್ತ್ರವೇ ಬೇಕಂತೆ. ಅಂಕಗಳು ಚೆನ್ನಾಗಿದ್ದವು, ಎಲ್ಲಿ ಕೇಳಿದರೂ ಸೀಟು ಸಿಗುವಂತಿತ್ತು. ಖಾಸಗಿ ಕಾಲೇಜಿನ ಸುದ್ದಿ ಬೇಡ, ಸರ್ಕಾರದ್ದರಲ್ಲೇ ಓದುವುದು ಎಂದು ಮೂವರೂ ಒಪ್ಪಿದ್ದರು. ಯಾವುದು ಎನ್ನುವುದೊಂದೇ ಉಳಿದಿತ್ತು.

"ನೀವೇ ಕರ್ಕೊಂಡು ಹೋಗಿ ಎಲ್ಲಾ ತೋರಿಸಿ," ಎಂದು ಹೆಂಡತಿಯೇ ಹೇಳಿದ್ದಳು. "ನಾನು ತೋರಿಸಿದ್ರೆ ನಮ್ಮದನ್ನೇ ಹೊಗಳಿಕೊಂಡ ಹಾಗಾಗುತ್ತೆ. ನೀವಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀರಿ."

ಹಾಗೆ ಅಪ್ಪ ಮಗಳು ಊರು ಸುತ್ತಿದರು. ಹಳೇ ಗಿರಣಿಯ ಕಟ್ಟಡದಲ್ಲಿದ್ದ ಸಂಜೆ ಕಾಲೇಜು ನೋಡಿದರು. ಅಲ್ಲಿ ಕ್ಲಾಸಿನ ನಡುವೆ ಕಬ್ಬಿಣದ ಕಂಬಗಳು, ಅವುಗಳ ಹಿಂದೆ ನಿದ್ದೆ ಮಾಡಲು ಹೇಳಿ ಮಾಡಿಸಿದ ಜಾಗ. ಹೆಣ್ಣುಮಕ್ಕಳ ಕಾಲೇಜು ನೋಡಿದರು. ಅಂಗಳ ಕನ್ನಡಿಯಂತಿತ್ತು, ಪ್ರಯೋಗಾಲಯಕ್ಕೆ ಮಾತ್ರ ಬೀಗ, ಬೀಗದ ಕೈ ಇರುವವರು ರಜೆ. ಎಲ್ಲ ಕಡೆಯೂ ಮೇಷ್ಟ್ರು ನ್ಯಾಯವಾಗಿಯೇ ಮಾತಾಡಿದರು. ಒಳ್ಳೆಯದನ್ನು ಒಳ್ಳೆಯದು ಎಂದರು, ಕೆಟ್ಟದ್ದನ್ನು ಕೆಟ್ಟದ್ದು ಎಂದರು. ಅವರ ತಕ್ಕಡಿ ವಾಲಿದ್ದು ಇಲ್ಲಿಗೆ ಬಂದ ಮೇಲೆಯೇ.

ಹಿಂದಿನ ಗೇಟಿನಿಂದ ಭೌತಶಾಸ್ತ್ರ ವಿಭಾಗಕ್ಕೆ ಹೋಗುವ ದಾರಿಯಲ್ಲಿ ಒಂದು ಉದ್ದನೆಯ ಕಾರಿಡಾರು. ಅಲ್ಲಿ ಹೆಜ್ಜೆ ಸಪ್ಪಳ ಮುಂದೆ ಮುಂದೆ ಓಡುತ್ತಿತ್ತು. ಅರ್ಧ ತೆರೆದ ಬಾಗಿಲೊಂದರಿಂದ ಒಂದು ದನಿ ಕೇಳಿತು. ಮಗಳು ತಟ್ಟನೆ ನಿಂತಳು.

"ಅಮ್ಮ!"

ಮೇಷ್ಟ್ರು ಮುಂದೆ ಹೋಗೋಣ ಎನ್ನುವಂತೆ ಕೈ ಮಾಡಿದರು. ಮಗಳು ಅಲ್ಲಾಡಲಿಲ್ಲ. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು. ಅವಳ ತಲೆಯ ಮೇಲಿಂದ ಮೇಷ್ಟ್ರೂ ನೋಡಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಹೆಂಡತಿ ಪಾಠ ಮಾಡುವುದನ್ನು ಅವರು ಕಂಡಿರಲಿಲ್ಲ. ಕಾಣದಿರಲು ತಕ್ಕಮಟ್ಟಿಗೆ ಕಷ್ಟಪಟ್ಟಿದ್ದರು ಎಂದರೂ ಸರಿಯೇ.

ಮೆಟ್ಟಿಲು ಮೆಟ್ಟಿಲಾಗಿ ಏರುವ ದೊಡ್ಡ ಕೋಣೆ. ಬೆಂಚುಗಳೆಲ್ಲ ತುಂಬಿದ್ದವು, ಕೆಲವರು ಗೋಡೆಗೊರಗಿ ನಿಂತಿದ್ದರು. ಕೆಳಗೆ ಮೇಜಿನ ಪಕ್ಕ ಅವಳು. ಮೇಜಿನ ಅಂಚಿನಲ್ಲಿ ಎರಡು ಸೀಮೆಸುಣ್ಣದ ತುಂಡು ಇಟ್ಟಿದ್ದಳು.

"ಒಂದನ್ನ ಸುಮ್ನೆ ಅಂಚಿಂದ ಬೀಳಿಸ್ತೀನಿ. ಇನ್ನೊಂದನ್ನ ಅದೇ ಹೊತ್ತಿಗೆ ಬೆರಳಲ್ಲಿ ಚಿಮ್ಮಿ ದೂರ ಹೊಡೀತೀನಿ. ಯಾವುದು ಮೊದಲು ನೆಲ ಮುಟ್ಟುತ್ತೆ?"

ಕೋಣೆಯಲ್ಲಿ ಗದ್ದಲವೆದ್ದಿತು. ಬೀಳಿಸಿದ್ದು ಎಂದರು ಕೆಲವರು. ದೂರ ಹೋಗಿದ್ದಕ್ಕೆ ದಾರಿ ಜಾಸ್ತಿ, ಅದು ತಡ ಎಂದ ಒಬ್ಬ. ಇನ್ನೊಬ್ಬಳು ಎದ್ದು ನಿಂತು ಅವನ ಜೊತೆ ಜಗಳವನ್ನೇ ತೆಗೆದಳು. ಮೇಷ್ಟ್ರ ಹೆಂಡತಿ ಯಾರನ್ನೂ ತಡೆಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಯಾರೋ ಒಳ್ಳೆಯ ಹಾಡು ಹಾಡುತ್ತಿದ್ದಾರೆನ್ನುವ ಹಾಗೆ ಕೇಳುತ್ತಿದ್ದಳು.

"ಸರಿ. ಕಣ್ಣು ನಂಬ್ಬೇಡಿ, ಅದು ಒಂದೊಂದನ್ನೇ ಹಿಂಬಾಲಿಸುತ್ತೆ. ಎಲ್ಲರೂ ಕಣ್ಣು ಮುಚ್ಚಿ. ಎಷ್ಟು ಶಬ್ದ ಆಗುತ್ತೆ ಅಂತ ಬರೀ ಕೇಳಿ."

ಅಷ್ಟು ದೊಡ್ಡ ಕೋಣೆ ಕಣ್ಣು ಮುಚ್ಚಿತು. ಹೊರಗೆ ಬಾಗಿಲ ಬಳಿ ಮಗಳೂ ಮುಚ್ಚಿದಳು. ತೆರೆದಿದ್ದದ್ದು ಗಂಡ ಹೆಂಡತಿ ಇಬ್ಬರ ಕಣ್ಣು ಮಾತ್ರ. ಅವಳು ತಲೆಯೆತ್ತಿ ಬಾಗಿಲ ಕಡೆ ನೋಡಿದಂತಾಯಿತು. ತಮ್ಮನ್ನು ಕಂಡಳೋ ಇಲ್ಲವೋ ಮೇಷ್ಟ್ರಿಗೆ ತಿಳಿಯಲಿಲ್ಲ.

ಟಕ್.

ಒಂದೇ ಶಬ್ದ. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಅಯ್ಯೋ!" ಎಂದರು, ಕೋಣೆಗೆ ಕೋಣೆಯೇ ನಕ್ಕಿತು.

ಮೇಷ್ಟ್ರು ಇದೇ ಪಾಠವನ್ನು ವರ್ಷ ವರ್ಷವೂ ಮಾಡಿದವರು. ಬೋರ್ಡಿನ ಎಡಗಡೆ ಒಂದು ಸಮೀಕರಣ, ಬಲಗಡೆ ಇನ್ನೊಂದು, ಕೆಳಗೆ ಗೆರೆ ಎಳೆದು ಉತ್ತರ. ತಪ್ಪೇನೂ ಇರುತ್ತಿರಲಿಲ್ಲ. ಆದರೆ ಅವರ ಕ್ಲಾಸಿನಲ್ಲಿ ಯಾರೂ ಎಂದೂ "ಅಯ್ಯೋ" ಅಂದಿರಲಿಲ್ಲ. ಎದೆಯ ಕೆಳಗೆ, ಹೊಟ್ಟೆಯ ಮೇಲೆ, ಯಾರೋ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು. ಇಷ್ಟು ವರ್ಷ ಅವರು ಮರಗಳ ಮೇಲೆ, ಕಂಬಗಳ ಮೇಲೆ, ಸಂದರ್ಶನದಲ್ಲಿ ಅವಳನ್ನು ಆರಿಸಿದ ಮುದುಕರ ಮೇಲೆ ಕರುಬಿದ್ದರು. ಒಳ್ಳೆಯ ಜಾಗ ಸಿಕ್ಕಿದ್ದಕ್ಕೆ ಅವಳು ದೊಡ್ಡವಳಾದಳು ಎಂದುಕೊಂಡು ಹೇಗೋ ತಡೆದುಕೊಂಡಿದ್ದರು. ಈಗ ಅದೂ ಕೈಬಿಟ್ಟಿತು. ಅವಳನ್ನು ಡಿಪೋದ ಹಿಂದೆ ನಿಲ್ಲಿಸಿದರೂ ಅವಳು ಹೀಗೇ ಪಾಠ ಮಾಡುತ್ತಿದ್ದಳು.

"ನಡಿ, ಕ್ಲಾಸಿಗೆ ತೊಂದರೆ," ಎಂದು ಮಗಳ ರಟ್ಟೆ ಹಿಡಿದು ಎಳೆದರು. ಸ್ವಲ್ಪ ಜೋರಾಗಿಯೇ ಎಳೆದರು.

ಕ್ಯಾಂಟೀನಿನಲ್ಲಿ ಮಗಳು ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತಳು. ಅವಳ ಕಣ್ಣಲ್ಲಿ ಇನ್ನೂ ಆ ಕೋಣೆಯ ಬೆಳಕಿತ್ತು.

"ಅಮ್ಮ ಮನೇಲಿ ಯಾಕೆ ಹಾಗೆ ಮಾತಾಡಲ್ಲ?"

"ಮನೇಲಿ ಯಾರು ಕೇಳ್ತಾರೆ," ಎಂದರು ಮೇಷ್ಟ್ರು. ತಮಾಷೆ ಮಾಡಲು ಹೋದದ್ದು. ಬಾಯಿಂದ ಹೊರಬಿದ್ದಾಗ ಅದು ತಮಾಷೆಯಾಗಿರಲಿಲ್ಲ. ಅವರು ಲೋಟ ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿದರು. "ನೋಡು, ಒಂದು ವಿಷಯ ಹೇಳ್ಬೇಕು. ಅದು ದೊಡ್ಡ ಕ್ಲಾಸು. ಕೊನೇ ವರ್ಷದ್ದು. ಮೊದಲನೇ ವರ್ಷದೋರಿಗೆ ಇಲ್ಲಿ ಪ್ರೊಫೆಸರುಗಳು ಪಾಠ ಮಾಡಲ್ಲ. ಸಂಶೋಧನೆ ಮಾಡೋ ಹುಡುಗರನ್ನ ಕಳಿಸ್ತಾರೆ. ಅವರಿಗೆ ಅವರದೇ ತಲೆನೋವು, ನಿಮ್ಮನ್ನ ಯಾರು ನೋಡ್ತಾರೆ? ಎರಡು ವರ್ಷ ಕಳೆಯೋ ಹೊತ್ತಿಗೆ ಆಸೆಯೇ ಬತ್ತಿಹೋಗಿರುತ್ತೆ."

"ಹೌದಾ?" ಎಂದಳು ಮಗಳು.

"ಇದ್ದದ್ದು ಇದ್ದ ಹಾಗೆ ಹೇಳ್ತಾ ಇದ್ದೀನಿ."

ಮಗಳು ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಹಾ ಕುಡಿದಳು.

ಮರುದಿನ ಸೇತುವೆಯಾಚೆಯ ಕಾಲೇಜು. ಮೇಷ್ಟ್ರು ಸೂರ್ಯ ಹುಟ್ಟುವ ಹೊತ್ತಿಗೇ ಹೋಗಿ ಪ್ರಯೋಗಾಲಯದ ಕಿಟಕಿಗಳನ್ನು ತೆರೆಸಿದ್ದರು, ಮೇಜುಗಳನ್ನು ಒರೆಸಿಸಿದ್ದರು, ಕೆಟ್ಟುಹೋಗಿದ್ದ ಬಲ್ಬುಗಳನ್ನು ಬದಲಾಯಿಸಿದ್ದರು. ಅಲ್ಲಿನ ಸಹಾಯಕಿ ನಿವೃತ್ತಿಗೆ ಹತ್ತಿರವಾದ ಹೆಂಗಸು, ಬಾಯಿ ಸ್ವಲ್ಪ ಜೋರು. "ಮಗಳು ಬರ್ತಾಳೆ ಅಂತ ಈ ಸಡಗರ. ವಾರಕ್ಕೊಂದು ಮಗಳು ಬರೋ ಹಾಗಿದ್ರೆ ನಮ್ಮ ಕಾಲೇಜು ಉದ್ಧಾರ ಆಗ್ತಿತ್ತು ಸಾರ್," ಎಂದಳು. ಮೇಷ್ಟ್ರು ಕೇಳಿಸದವರಂತೆ ಇದ್ದರು. ತಮ್ಮ ಚುರುಕು ವಿದ್ಯಾರ್ಥಿಗಳಿಬ್ಬರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಡಿಪೋದ ಸದ್ದು ಅಡಗುವ ಹೊತ್ತು ನೋಡಿ ಮಗಳನ್ನು ಒಳಗೆ ಕರೆದರು. ಮಗಳು ಎಲ್ಲವನ್ನೂ ನೋಡಿದಳು, ಎಲ್ಲರ ಜೊತೆ ನಕ್ಕು ಮಾತಾಡಿದಳು, ಸಹಾಯಕಿ ಕೊಟ್ಟ ಸೇಬುಹಣ್ಣು ತಿಂದಳು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದಳು. "ನಾನು ಅಪ್ಪನ ಕಾಲೇಜಿಗೇ ಸೇರ್ತೀನಿ."

ಮೇಷ್ಟ್ರಿಗೆ ಎದೆ ಉಬ್ಬಿ ಬಂತು. ಅದನ್ನು ತೋರಿಸಬಾರದೆಂದು ನೀರಿನ ಹೂಜಿಗೆ ಕೈ ಚಾಚಿದರು.

ಹೆಂಡತಿ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. "ಸೇರು, ಒಳ್ಳೇದೇ. ಆದ್ರೆ ಯಾಕೆ ಅಂತ ಕೇಳಬಹುದಾ? ನಮ್ಮಲ್ಲಿ ನಿನಗೇನು ಹಿಡಿಸಲಿಲ್ಲ?"

"ಅಲ್ಲಿ ಮೊದಲನೇ ವರ್ಷದೋರಿಗೆ ಪ್ರೊಫೆಸರುಗಳು ಬರಲ್ವಂತಲ್ಲ. ರಿಸರ್ಚ್ ಮಾಡೋರನ್ನ ಕಳಿಸ್ತಾರಂತೆ. ಅಪ್ಪ ಹೇಳಿದ್ರು."

ಅಡುಗೆಮನೆಯಲ್ಲಿ ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತಿತು. ಹೆಂಡತಿ ಗಂಡನ ಕಡೆ ತಿರುಗಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಮೇಷ್ಟ್ರು ಅದಕ್ಕೆ ತಯಾರಿದ್ದರು; ಎದುರು ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅವಳು ಎಳೆಯ ವಿದ್ಯಾರ್ಥಿಯೊಬ್ಬ ಸುಲಭದ ಲೆಕ್ಕ ತಪ್ಪಿದಾಗ ನೋಡುವಂತೆ ನೋಡಿದಳು, ಅಷ್ಟೇ. ಮತ್ತೆ ಚಮಚ ಎತ್ತಿಕೊಂಡಳು.

"ಹೂಂ," ಎಂದಳು ಮಗಳಿಗೆ. "ಕೆಲವು ಸಲ ಹಾಗೂ ಆಗುತ್ತೆ."

ಮೇಷ್ಟ್ರಿಗೆ ಊಟ ಸೇರಲಿಲ್ಲ. ಸಿಕ್ಕಿಬಿದ್ದದ್ದಕ್ಕಿಂತ ಅವಳು ಕಾಪಾಡಿದ್ದೇ ಹೆಚ್ಚು ಸುಟ್ಟಿತು. ಇದರಲ್ಲೂ ಅವಳೇ ಮುಂದೆ, ಎನ್ನಿಸಿತು. ಒಂದು ಸಲವಾದರೂ ಕೆಟ್ಟವಳಾಗಬಾರದೇ ಇವಳು?

ಮಗಳು ಗೆಳತಿಯ ಮನೆಗೆ ಹೋದ ಮೇಲೆ ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹೆಂಡತಿ ತಟ್ಟೆ ತೊಳೆಯುತ್ತಿದ್ದಳು. ಅವರು ಒಣಬಟ್ಟೆ ತೆಗೆದುಕೊಂಡು ಒಂದು ತಟ್ಟೆ ಒರೆಸಿದರು. ಅದನ್ನೇ ಮತ್ತೆ ಒರೆಸಿದರು.

"ಸೀಮೆಸುಣ್ಣದ ಪಾಠ ಮೊದಲನೇ ವರ್ಷದ್ದು," ಎಂದಳು ಅವಳು ತಿರುಗದೆ. "ನೀವೂ ಮೊದಲನೇ ವರ್ಷಕ್ಕೇ ಮಾಡೋದು. ನಿಮಗೆ ಗೊತ್ತಿಲ್ದೆ ಏನಲ್ಲ."

"ನೋಡಿದೆಯಾ ನಮ್ಮನ್ನ?"

"ನೋಡ್ದೆ ಇರ್ತೀನಾ? ಇಷ್ಟು ವರ್ಷ ಕಾದಿದ್ದೀನಿ ನೀವು ಒಂದು ಸಲ ಬಂದು ಕೇಳ್ತೀರಿ ಅಂತ. ಒಳಗೆ ಬರ್ತೀರಿ ಅಂದ್ಕೊಂಡೆ. ಆ ಸೀಮೆಸುಣ್ಣ ಬೀಳಿಸುವಾಗ ಕೆಲಸಕ್ಕೆ ಸೇರಿದ ಮೊದಲ ದಿನದ ಹಾಗಾಗಿತ್ತು ನಂಗೆ. ತಲೆ ಎತ್ತಿದ್ರೆ ನೀವಿಲ್ಲ."

ಮೇಷ್ಟ್ರು ತಟ್ಟೆಯನ್ನು ಗೂಡಿನಲ್ಲಿಟ್ಟರು. "ಚೆನ್ನಾಗಿತ್ತು," ಎಂದರು. ಆ ಒಂದು ಪದ ಬರುವಷ್ಟರಲ್ಲಿ ಕಿವಿಯವರೆಗೆ ಬಿಸಿಯಾಯಿತು. "ತುಂಬಾ ಚೆನ್ನಾಗಿತ್ತು. ಅದಕ್ಕೇ ನಿಲ್ಲೋಕಾಗಲಿಲ್ಲ."

ಅವಳು ನಲ್ಲಿ ನಿಲ್ಲಿಸಿದಳು. "ಅವಳಿಗೆ ನಾನು ಏನೂ ಹೇಳಲ್ಲ. ನಿಮ್ಮ ಮಾತನ್ನ ಮಗಳ ಮುಂದೆ ನಾನು ಸುಳ್ಳು ಮಾಡಲ್ಲ. ನೀವು ಹೇಳೋದಿದ್ರೆ ಹೇಳಿ," ಎಂದು ಕೈ ಒರೆಸಿಕೊಂಡು ಹೊರಗೆ ಹೋದಳು.

ಸಂಜೆ ಮಗಳು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಮೇಷ್ಟ್ರು ಹೋಗಿ ಕ್ಲಿಪ್ಪುಗಳ ಬುಟ್ಟಿ ಹಿಡಿದು ನಿಂತರು. ಕ್ಲಾಸಿನಲ್ಲಿ ಮಾತು ಶುರು ಮಾಡುವಂತೆ ಕೆಮ್ಮಿದರು.

"ಆ ಕ್ಲಾಸು ಇತ್ತಲ್ಲ... ಅಮ್ಮಂದು. ಅದು—"

"ಮೊದಲನೇ ವರ್ಷದ್ದು. ಗೊತ್ತಪ್ಪ."

"ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಮ್ಮ ಸ್ಕೂಲಲ್ಲಿ ನನಗಿಂತ ಒಂದು ವರ್ಷ ಮುಂದೆ ಇದ್ದೋರು ಇಬ್ಬರು ಅಲ್ಲೇ ಕೂತಿದ್ರು. ಒಬ್ಬಳು ನನ್ನ ನೋಡಿ ಕೈ ಬೇರೆ ಬೀಸಿದ್ಲು."

ಮೇಷ್ಟ್ರ ಕೈಯಲ್ಲಿದ್ದ ಬುಟ್ಟಿ ಓರೆಯಾಗಿ ಕ್ಲಿಪ್ಪುಗಳು ಕೆಳಗೆ ಚೆಲ್ಲಿದವು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಆರಿಸತೊಡಗಿದರು.

"ಮತ್ತೆ... ಗೊತ್ತಿದ್ದೂ ಯಾಕೆ ನಮ್ಮಲ್ಲಿಗೆ ಬರ್ತೀನಿ ಅಂದೆ?"

ಮಗಳು ಒಂದು ಕ್ಲಿಪ್ಪನ್ನು ಒತ್ತುತ್ತ, ಬಿಡುತ್ತ ಕೂತಳು.

"ಅವತ್ತು ಕಣ್ಣು ಬಿಟ್ಟು ತಿರುಗಿದಾಗ ಮೊದಲು ಕಂಡಿದ್ದು ನಿಮ್ಮ ಮುಖ. ಅಮ್ಮನ್ನ ನೋಡ್ತಾ ಇದ್ರಿ. ಯಾರೋ ನಿಮ್ಮ ಜೇಬಿಂದ ಏನೋ ಕದ್ದ ಹಾಗೆ." ಅವಳ ದನಿ ಸಣ್ಣದಾಯಿತು. "ನಾನೂ ಅಲ್ಲಿಗೆ ಹೋಗಿ, ನಾನೂ ಚೆನ್ನಾಗಿ ಓದಿದ್ರೆ, ನನ್ನನ್ನೂ ಹಾಗೇ ನೋಡ್ತೀರೇನೋ ಅಂತ ಹೆದರಿಕೆ ಆಯ್ತು."

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಶುರು ಮಾಡಲು ನೋಡುತ್ತಿದ್ದರು. ಅದು ಹೊತ್ತಿಕೊಳ್ಳಲಿಲ್ಲ. ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೇ ಕೂತುಬಿಟ್ಟರು. ಹಾಗೇನಿಲ್ಲ ಎನ್ನಬೇಕೆಂದು ಬಾಯಿ ತೆರೆದರು. ಮಗಳು ಕಾಯುತ್ತಿದ್ದಳು. ಇನ್ನೊಂದು ಸುಳ್ಳನ್ನು ಇವಳು ಎಷ್ಟು ಬೇಗ ಹಿಡಿಯುತ್ತಾಳೆ ಎಂದು ಅವರಿಗೆ ಈಗ ಗೊತ್ತಿತ್ತು.

"ನೋಡಬಹುದು," ಎಂದರು ಕೊನೆಗೆ. "ನೋಡಲ್ಲ ಅಂತ ಆಣೆ ಮಾಡಲ್ಲ. ನನ್ನ ಹೊಟ್ಟೆ ಅಂಥದ್ದು, ಏನು ಮಾಡ್ಲಿ. ಆದ್ರೆ ಅದು ನನ್ನ ಪಾಡು. ಅದಕ್ಕೆ ನೀನ್ಯಾಕೆ ಡಿಪೋ ಹೊಗೆ ಕುಡೀಬೇಕು? ಅಲ್ಲಿಗೇ ಹೋಗು."

"ನಿಮಗೆ ಬೇಜಾರಾಗಲ್ವಾ?"

"ಆಗುತ್ತೆ. ಅಮ್ಮ ಮಗಳು ಇಬ್ಬರೂ ಸೇರ್ಕೊಂಡು ಊಟದ ಹೊತ್ತಲ್ಲಿ 'ನಮ್ಮಲ್ಲಿ, ನಮ್ಮಲ್ಲಿ' ಅಂದ್ರೆ ಎದ್ದುಹೋಗ್ತೀನಿ, ನೋಡ್ತಾ ಇರು."

ಮಗಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಮೇಷ್ಟ್ರು ಅವಳ ತಲೆ ಮುಟ್ಟಲು ಹೋಗಿ, ಅಲ್ಲಿ ಸಿಕ್ಕಿಕೊಂಡಿದ್ದ ದಾರದ ಎಳೆಯೊಂದನ್ನು ತೆಗೆದರು.

ಕಾಲೇಜುಗಳು ಶುರುವಾದ ದಿನ ಮೂವರೂ ಒಟ್ಟಿಗೇ ಮನೆ ಬಿಟ್ಟರು. ಮೂಲೆಯವರೆಗೆ ಒಂದೇ ದಾರಿ. ಅಲ್ಲಿಂದ ತಾಯಿ ಮಗಳು ರಸ್ತೆ ದಾಟಿ ಎದುರಿನ ಬಸ್ ನಿಲ್ದಾಣಕ್ಕೆ ಹೋದರು. ಮೇಷ್ಟ್ರು ಈ ಕಡೆಯ ನಿಲ್ದಾಣದಲ್ಲೇ ನಿಂತರು. ನಡುವೆ ಬೆಳಗಿನ ಗಾಡಿಗಳ ಪ್ರವಾಹ. ಎದುರುಗಡೆ ತಾಯಿ ಏನೋ ಹೇಳಿದಳು, ಮಗಳು ಕೈ ಆಡಿಸಿ ಅದಕ್ಕೇನೋ ಸೇರಿಸಿದಳು, ಇಬ್ಬರೂ ಒಬ್ಬರ ಮೇಲೊಬ್ಬರು ವಾಲಿಕೊಂಡು ನಕ್ಕರು. ಗಾಡಿಗಳ ಸದ್ದಿನಲ್ಲಿ ಒಂದಕ್ಷರವೂ ಈ ಕಡೆಗೆ ದಾಟಲಿಲ್ಲ. ಮೇಷ್ಟ್ರು ಸುಮ್ಮನೆ ಮಡಿಸಿದ್ದ ಪೇಪರನ್ನು ಬಿಚ್ಚಿದರು, ಓದದೆ ಮತ್ತೆ ಮಡಿಸಿದರು. ಹೊಟ್ಟೆಯ ಮೇಲೆ ಆ ಪರಿಚಿತ ಬಿಸಿ ಬಂದು ಕೂತಿತು.

ಸೇತುವೆಯ ಬಸ್ಸು ಬಂತು. ಹತ್ತಿದರು. ಸೀಟಿರಲಿಲ್ಲ. ಜನರ ನಡುವೆ ನುಸುಳಿ ಕಿಟಕಿಯ ಕಡೆ ಬಾಗಿ, ಗಾಜಿನಾಚೆ ಕೈ ಎತ್ತಿ ಬೀಸಿದರು. ಅವರಿಬ್ಬರೂ ತಮ್ಮ ಬಸ್ಸು ಬರುವ ದಿಕ್ಕಿಗೆ ಕತ್ತು ಚಾಚಿ ನೋಡುತ್ತಿದ್ದರು. ಬಸ್ಸು ಹೊರಟಿತು, ಮೇಷ್ಟ್ರು ಎತ್ತಿದ ಕೈಯನ್ನು ಇಳಿಸದೆ ಅದರಿಂದಲೇ ಮೇಲಿನ ಕಂಬಿ ಹಿಡಿದುಕೊಂಡರು.